ಭಾವನ ಹೋಮ್‌ಸ್ಟೇ, ಫೈರ್‌ವಾಲ್ ಪೆಟ್ಟಿಗೆ ಮತ್ತು ಪಾರ್ಟೆಡ್ 3.6

ಡಿಸ್ಕನ್ನು ಪಾಲು ಮಾಡುವ ಉಪಕರಣ ಪಾರ್ಟೆಡ್ ಕೇಳಿದ್ದು ಒಂದೇ ಪ್ರಶ್ನೆ. ಫಿಕ್ಸ್ ಮಾಡಲಾ, ಇಗ್ನೋರ್ ಮಾಡಲಾ? ಉತ್ತರ ಕೊಡೋಕೆ ನನಗೆ ಮುಕ್ಕಾಲು ಗಂಟೆ ಬೇಕಾಯ್ತು.

2023ರ ಜುಲೈ ತಿಂಗಳು. ಕುಮಟಾದ ಹತ್ತಿರ, ಅಘನಾಶಿನಿ ಹೊಳೆ ದಂಡೆಯ ಮೇಲೆ ನಮ್ಮ ಅಕ್ಕ, ಭಾವ ಒಂದು ಸಣ್ಣ ಹೋಮ್‌ಸ್ಟೇ ನಡೆಸುತ್ತಾರೆ. ಐದು ಕೋಣೆ, ಒಂದು ಊಟದ ಜಗುಲಿ. ಅಲ್ಲಿಯ ಇಂಟರ್‌ನೆಟ್ ಪೂರ್ತಿ ಒಂದು ಪುಟ್ಟ ಪೆಟ್ಟಿಗೆಯ ಮೂಲಕ ಹಾದು ಹೋಗುತ್ತದೆ. ಫ್ಯಾನ್ ಇಲ್ಲದ ಮಿನಿ ಪಿಸಿ, ಒಳಗೆ ಐಪಿಫೈರ್. ಗೊತ್ತಿಲ್ಲದವರಿಗೆ ಎರಡು ಮಾತು: ಐಪಿಫೈರ್ ಅಂದರೆ ಫೈರ್‌ವಾಲ್ ಕೆಲಸಕ್ಕೇ ಅಂತ ಮಾಡಿದ, ಮುಕ್ತ ತಂತ್ರಾಂಶದ ಲಿನಕ್ಸ್ ಡಿಸ್ಟ್ರಿಬ್ಯೂಷನ್. ಹಿಂದೆ ಐಪಿಕಾಪ್ ಅಂತ ಒಂದಿತ್ತು, ಅದರ ಕವಲು ಇದು. ನೆಟ್‌ವರ್ಕನ್ನು ಬಣ್ಣದಲ್ಲಿ ಭಾಗ ಮಾಡುತ್ತದೆ. ಹೊರಗಿನ ಇಂಟರ್‌ನೆಟ್ ರೆಡ್, ಮನೆಯೊಳಗಿನದು ಗ್ರೀನ್, ವೈ-ಫೈ ಬ್ಲೂ, ಹೊರಗಿನವರಿಗೆ ತೆರೆದಿಡಬೇಕಾದ ಸರ್ವರ್ ಏನಾದರೂ ಇದ್ದರೆ ಆರೆಂಜ್. ಭಾವನ ಬಿಲ್ಲಿನ ಕಂಪ್ಯೂಟರ್ ಗ್ರೀನ್‌ನಲ್ಲಿದೆ, ಗೆಸ್ಟ್‌ಗಳ ಫೋನು, ಲ್ಯಾಪ್‌ಟಾಪು ಎಲ್ಲ ಬ್ಲೂನಲ್ಲಿ. ಗೆಸ್ಟ್‌ಗಳ ಕಣ್ಣಿಗೆ ಬಿಲ್ಲಿನ ಕಂಪ್ಯೂಟರ್ ಬೀಳೋದಿಲ್ಲ. ನನಗೆ ಬೇಕಾಗಿದ್ದೂ ಅಷ್ಟೇ.

ಆ ವಾರ ಮಳೆ ಹಿಡಿದಿದ್ದು ಬಿಟ್ಟಿರಲಿಲ್ಲ. ಲೈನ್ ಮೇಲೆ ಎಲ್ಲೋ ಮರ ಬಿದ್ದು ಕರೆಂಟು ಹೋಗೋದು, ಬರೋದು, ಬಂದ ಐದು ನಿಮಿಷಕ್ಕೆ ಮತ್ತೆ ಹೋಗೋದು. ಪೆಟ್ಟಿಗೆಗೆ ಸಣ್ಣದೊಂದು ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಮುಗಿದು ಎಷ್ಟು ದಿನವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಭಾವನ ಫೋನು. "ಭಾವ, ವೈ-ಫೈ ಒಮ್ಮೆ ಬತ್ತು, ಒಮ್ಮೆ ಹೋತು. ಪೆಟ್ಟಿಗೆ ತನ್ನಷ್ಟಕ್ಕೇ ಬಂದ್ ಆಗಿ ಶುರುವಾಗ್ತಾ ಇದ್ದು. ಎಂತ ಮಾಡದು?" (ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಅವನಿಗೆ ನಾನೂ ಭಾವ.) ಶಿರಸಿಯಿಂದ ದೂರದಲ್ಲೇ ಲಾಗಿನ್ ಆಗಿ ಲಾಗ್ ನೋಡಿದೆ. ಡಿಸ್ಕ್ ಓದುವಾಗ ತಪ್ಪು, ಮತ್ತೆ ತಪ್ಪು, ಮತ್ತೆ ಅದೇ ಜಾಗದಲ್ಲಿ ತಪ್ಪು. 16 ಜಿಬಿಯ ಹಳೆ ಎಸ್‌ಎಸ್‌ಡಿ ಅದು, ಅದರ ಕಾಲ ಮುಗಿದಿತ್ತು.

ಸೆಟ್ಟಿಂಗ್‌ಗಳ ಬ್ಯಾಕಪ್ ನನ್ನ ಹತ್ತಿರ ಇತ್ತು. ಐಪಿಫೈರ್‌ನಲ್ಲಿ ಅದು ಒಂದೇ ಒಂದು ಫೈಲು, ಹೊಸದಾಗಿ ಇನ್‌ಸ್ಟಾಲ್ ಮಾಡಿ ಅದನ್ನು ಹಾಕಿದರೆ ನಿಯಮಗಳೆಲ್ಲ ವಾಪಸ್ ಬರುತ್ತವೆ. ಸರಿಯಾದ ದಾರಿ ಅದೇ ಆಗಿತ್ತು. ಆದರೆ ಅಲ್ಲಿಯ ಲಾಗ್‌ಗಳು, ವರ್ಷಗಟ್ಟಲೆಯ ಗ್ರಾಫ್‌ಗಳು ನನಗೆ ಬೇಕಿತ್ತು. ಯಾವ ತಿಂಗಳು ಎಷ್ಟು ಡೇಟಾ ಹೋಯಿತು, ಯಾವ ಹೊತ್ತಿಗೆ ಲೈನ್ ಬಿದ್ದಿತ್ತು ಅನ್ನೋದೆಲ್ಲ ಅದರಲ್ಲಿದೆ. ಹಾಗಾಗಿ ಡಿಸ್ಕನ್ನೇ ಇಡಿಯಾಗಿ ಹೊಸದಕ್ಕೆ ನಕಲು ಮಾಡೋಣ ಅಂತ ಶಿರಸಿ ಪೇಟೆಯಲ್ಲಿ 128 ಜಿಬಿಯ ಎಸ್‌ಎಸ್‌ಡಿ ಒಂದು ತಗೊಂಡು ಹೊರಟೆ. ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದಲ್ಲಿ ಮಂಜು ಎಷ್ಟಿತ್ತು ಅಂದರೆ ಮುಂದಿನ ಲಾರಿಯ ಹಿಂದಿನ ದೀಪ ನೋಡಿಕೊಂಡೇ ಇಳಿದದ್ದು.

ನಕಲು ಮಾಡೋದೇನೂ ಕಷ್ಟವಾಗಲಿಲ್ಲ. ಎರಡೂ ಡಿಸ್ಕನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಡಿಡಿರೆಸ್ಕ್ಯೂ ಓಡಿಸಿದೆ. ಓದೋಕೆ ಬಾರದ ಸೆಕ್ಟರ್‌ಗಳನ್ನು (ಡಿಸ್ಕಿನ ಸಣ್ಣ ಸಣ್ಣ ತುಣುಕುಗಳನ್ನು) ಕೊನೆಗೆ ಬಿಟ್ಟು, ಬಂದಷ್ಟನ್ನು ಮೊದಲು ಎತ್ತಿಕೊಳ್ಳುವ ಉಪಕರಣ ಅದು. ಕೆಲವೇ ಸೆಕ್ಟರ್ ಹೋಗಿತ್ತು, ಅದೂ ಹಳೆಯ ಲಾಗ್ ಒಂದರಲ್ಲಿ. ಹೊಸ ಎಸ್‌ಎಸ್‌ಡಿ ಪೆಟ್ಟಿಗೆಗೆ ಹಾಕಿದೆ, ಬೂಟ್ ಆಯ್ತು, ವೈ-ಫೈ ಬಂತು. ಅಕ್ಕ ಬಿಸಿ ಬಿಸಿ ಚಾ ತಂದಿಟ್ಟಳು. ಇನ್ನು ಉಳಿದದ್ದು ಒಂದೇ ಕೆಲಸ. ಡಿಸ್ಕ್ 128 ಜಿಬಿ ಆಗಿದೆ, ಆದರೆ ಪಾರ್ಟಿಶನ್‌ಗಳು, ಅಂದರೆ ಡಿಸ್ಕಿನ ಪಾಲುಗಳು, ಹಳೆಯ 16 ಜಿಬಿ ಅಳತೆಯಲ್ಲೇ ಇವೆ. ಕೊನೆಯ ಪಾರ್ಟಿಶನ್ ಹಿಗ್ಗಿಸಬೇಕು. ಪೆಟ್ಟಿಗೆಯಲ್ಲೇ ಪಾರ್ಟೆಡ್ ಇತ್ತು, ಆವೃತ್ತಿ 3.5. ಪಟ್ಟಿ ತೋರಿಸು ಅಂದೆ.

ಆಗ ಬಂದದ್ದು ಆ ಎಚ್ಚರಿಕೆ. ಈ ಡಿಸ್ಕಿನ ಎಲ್ಲ ಜಾಗವನ್ನೂ ಬಳಸಿದ ಹಾಗೆ ಕಾಣುತ್ತಿಲ್ಲ, ಇನ್ನೂ 218792448 ಬ್ಲಾಕ್ ಹೆಚ್ಚಿಗೆ ಇದೆ, ಜಿಪಿಟಿಯನ್ನು (ಡಿಸ್ಕಿನ ಪಾರ್ಟಿಶನ್ ಪಟ್ಟಿಯನ್ನು) ಸರಿಮಾಡಿ ಅಷ್ಟನ್ನೂ ಬಳಸಲಾ, ಅಥವಾ ಈಗಿದ್ದ ಹಾಗೇ ಮುಂದುವರಿಯಲಾ? ಕೊನೆಯಲ್ಲಿ ಫಿಕ್ಸ್, ಇಗ್ನೋರ್ ಅಂತ ಎರಡು ಪದ. ಕರ್ಸರ್ ಮಿನುಗುತ್ತಿತ್ತು.

ಲೆಕ್ಕ ಏನೋ ಸರಿಯಾಗಿತ್ತು. ಹಳೆಯ ಡಿಸ್ಕ್ 31277232 ಸೆಕ್ಟರ್, ಹೊಸದು 250069680 ಸೆಕ್ಟರ್, ಕಳೆದರೆ ಬರೋದು ಅದೇ ಸಂಖ್ಯೆ. ಒಂದೊಂದೂ 512 ಬೈಟ್. ಒಟ್ಟು 112 ಜಿಬಿ. ಆದರೆ ಫಿಕ್ಸ್ ಅಂದರೆ ಅದು ಡಿಸ್ಕಿನ ಯಾವ ಜಾಗದಲ್ಲಿ ಏನು ಬರೆಯುತ್ತದೆ? ನನಗೆ ಗೊತ್ತಿರಲಿಲ್ಲ. ಈ ಉಪಕರಣವನ್ನು ನಾನು ವರ್ಷಗಟ್ಟಲೆ ಬಳಸಿದ್ದೆ, ಆದರೂ ಗೊತ್ತಿರಲಿಲ್ಲ. ಹೊರಗೆ ಜಗುಲಿಯಲ್ಲಿ ಗೆಸ್ಟ್‌ಗಳು ಕೂತಿದ್ದಾರೆ, ಹಳೆಯ ಡಿಸ್ಕ್ ಸಾಯುತ್ತಾ ಇದೆ, ಗೊತ್ತಿಲ್ಲದೆ ಎಂಟರ್ ಒತ್ತಲು ಕೈ ಬರಲಿಲ್ಲ. ಫೋನಿನಲ್ಲಿ ಕೈಪಿಡಿ ತೆರೆದು ಕೂತೆ. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಮುಕ್ಕಾಲು ಗಂಟೆ ಹೋದದ್ದು ಅದರಲ್ಲಿ.

ಪಾರ್ಟಿಶನ್ ಟೇಬಲ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳೋದು ಬಹಳ ಸುಲಭ. ಅದು ಡಿಸ್ಕಿನ ಪಾಲುಪಟ್ಟಿ. ನಮ್ಮ ಅಪ್ಪಯ್ಯನ ಕಾಲದಲ್ಲಿ ಹಿಸ್ಸೆ ಆದಾಗ ಒಂದು ಕಾಗದ ಬರೆದರು. ಇಲ್ಲಿಂದ ಇಲ್ಲಿಯವರೆಗಿನ ತೋಟ ದೊಡ್ಡವನಿಗೆ, ಆ ಬಾಂದು ಕಲ್ಲಿನಿಂದ ಆಚೆ ಚಿಕ್ಕವನಿಗೆ, ಗದ್ದೆ ಇಷ್ಟು, ಬೆಟ್ಟ ಇಷ್ಟು. ಆ ಕಾಗದದಲ್ಲಿ ಒಂದು ಅಡಿಕೆ ಮರವೂ ಇಲ್ಲ, ಒಂದು ಗೊನೆಯೂ ಇಲ್ಲ. ಎಲ್ಲಿ ಶುರು, ಎಲ್ಲಿ ಮುಗಿತು ಅನ್ನೋದಷ್ಟೇ ಇದೆ. ಆದರೆ ಅದೊಂದು ಕಾಗದ ತಪ್ಪಾದರೆ ಅಣ್ಣನ ಮರಕ್ಕೆ ತಮ್ಮ ಅಡಿಕೆ ಕೊಯ್ಯುವ ಕೊನೆಗಾರನನ್ನು ಹತ್ತಿಸುತ್ತಾನೆ. ಪಾರ್ಟಿಶನ್ ಟೇಬಲ್ ಕೂಡ ಹಾಗೇ. ಕೆಲವೇ ಕೆಬಿ ಬರಹ, ಅದರಲ್ಲಿ ನಿಮ್ಮ ಫೈಲ್ ಒಂದೂ ಇಲ್ಲ, ಅದು ತಪ್ಪಿದರೆ ಮಾತ್ರ ಯಾವ ಫೈಲೂ ಸಿಗೋದಿಲ್ಲ.

ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಒಂದೇ ಪ್ರತಿ ಇರುತ್ತಿತ್ತು. ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಜಾಗ, ಹಾಗಾಗಿ 512 ಬೈಟಿನ ಸೆಕ್ಟರ್ ಆದರೆ 2 ಟಿಬಿ ಆಸುಪಾಸಿಗೆ ಅದರ ಲೆಕ್ಕ ಮುಗಿಯಿತು. ಜಿಪಿಟಿ ಬಂದ ಮೇಲೆ ಪಟ್ಟಿ ಎರಡು ಪ್ರತಿ ಆಯಿತು. ಒಂದು ಡಿಸ್ಕಿನ ತಲೆಯಲ್ಲಿ, ಇನ್ನೊಂದು ಬಾಲದಲ್ಲಿ, ಕಟ್ಟಕಡೆಯ 33 ಸೆಕ್ಟರಿನಲ್ಲಿ. ಹೆಡರ್‌ಗೆ ಒಂದು ಸೆಕ್ಟರ್, 128 ಪಾರ್ಟಿಶನ್‌ಗೆ ತಲಾ 128 ಬೈಟಿನ ಹಾಗೆ 32 ಸೆಕ್ಟರ್. ಎರಡಕ್ಕೂ ಸಿಆರ್‌ಸಿ ಅನ್ನುವ ತಾಳೆಯ ಅಂಕಿ ಬೇರೆ ಇದೆ, ಒಂದು ಪ್ರತಿ ಕೆಟ್ಟರೆ ಇನ್ನೊಂದನ್ನು ನೋಡಿ ಸರಿಮಾಡಬಹುದು.

ಈಗ ನನ್ನ ಡಿಸ್ಕಿನಲ್ಲಿ ಏನಾಗಿತ್ತು ಅಂದರೆ, ನಕಲು ಮಾಡಿದಾಗ ಬಾಲದ ಪ್ರತಿ ಹಳೆಯ ಡಿಸ್ಕಿನ ಬಾಲ ಎಲ್ಲಿತ್ತೋ ಅಲ್ಲೇ ಬಂದು ಕೂತಿತ್ತು. ಹೊಸ ಡಿಸ್ಕಿನಲ್ಲಿ ಅದು ಬಾಲ ಅಲ್ಲ, ಎಂಟರಲ್ಲಿ ಒಂದು ಭಾಗದಲ್ಲಿ ಎಲ್ಲೋ ಬಯಲಲ್ಲಿ ಬಿದ್ದ ಹಾಗೆ. ಫಿಕ್ಸ್ ಅಂದರೆ ಪಾರ್ಟೆಡ್ ಆ ಪ್ರತಿಯನ್ನು ನಿಜವಾದ ಬಾಲಕ್ಕೆ ಬರೆಯುತ್ತದೆ, ತಲೆಯ ಹೆಡರಿನಲ್ಲಿ "ಇಲ್ಲಿಯವರೆಗೆ ಬಳಸಬಹುದು" ಅನ್ನುವ ಗಡಿಯನ್ನು ಬಾಲದ ಕಡೆಗೆ ಸರಿಸುತ್ತದೆ. ಅಷ್ಟೇ. ಪಾರ್ಟಿಶನ್ ಒಳಗಿನ ಒಂದು ಬೈಟೂ ಅಲ್ಲಾಡೋದಿಲ್ಲ. ಇದು ಗೊತ್ತಾದ ಮೇಲೆ ಫಿಕ್ಸ್ ಒತ್ತಿದೆ. ಆಮೇಲೆ ರೀಸೈಜ್‌ಪಾರ್ಟ್ ಅನ್ನುವ ಆಜ್ಞೆ ಕೊಟ್ಟು ಕೊನೆಯ ಪಾರ್ಟಿಶನ್ನಿನ ಗಡಿ ನೂರು ಪರ್ಸೆಂಟಿಗೆ ಅಂದೆ. ಇದು ಬಳಕೆಯಲ್ಲಿದೆ, ಖಂಡಿತಾನಾ ಅಂತ ಮತ್ತೊಂದು ಪ್ರಶ್ನೆ. ಹೌದು.

ಅದಾದ ಮೇಲೂ ಜಾಗ ಹೆಚ್ಚಾಗಿರಲಿಲ್ಲ! ಇಲ್ಲೇ ಬಹಳ ಜನ ಎಡವೋದು. ಬೇಲಿಯನ್ನು ಆಚೆ ಸರಿಸಿದ ಕೂಡಲೇ ಅಲ್ಲಿ ತೋಟ ಏಳೋದಿಲ್ಲ, ಅಲ್ವಾ. ಪಾರ್ಟಿಶನ್ ಹಿಗ್ಗಿದೆ, ಒಳಗೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಹಳೆ ಅಳತೆಯಲ್ಲೇ ಇದೆ. ಅದು ಇಎಕ್ಸ್‌ಟಿ4 ಬಗೆಯದಾಗಿದ್ದರಿಂದ ಅದನ್ನು ಹಿಗ್ಗಿಸುವ ರೀಸೈಜ್2ಎಫ್‌ಎಸ್ ಬೇರೆ ಓಡಿಸಬೇಕಾಯ್ತು. ಪೆಟ್ಟಿಗೆ ನಡೆಯುತ್ತಿರುವಾಗಲೇ ಅದು ಹಿಗ್ಗಿತು, ಒಂದು ನಿಮಿಷವೂ ಹಿಡಿಯಲಿಲ್ಲ. ಗೆಸ್ಟ್‌ಗಳಿಗೆ ಗೊತ್ತೂ ಆಗಲಿಲ್ಲ.

ಊಟ ಮಾಡಿ ಘಟ್ಟ ಹತ್ತಿದೆ. ಆದರೆ ದಾರಿಯುದ್ದಕ್ಕೂ ಒಂದೇ ವಿಚಾರ. ಫೈರ್‌ವಾಲ್ ಅಂದರೆ ನಾವು ಯೋಚನೆ ಮಾಡೋದು ನಿಯಮಗಳ ಬಗ್ಗೆ, ಲಿನಕ್ಸಿನ ತಿರುಳಾದ ಕರ್ನಲ್ ಬಗ್ಗೆ, ಒಳನುಗ್ಗುವವರನ್ನು ಹಿಡಿಯುವ ಸುರಿಕಾಟಾ ಬಗ್ಗೆ. ಅವೆಲ್ಲ ದಿನವಿಡೀ ಓಡುತ್ತವೆ, ತಪ್ಪಿದ್ದರೆ ನಾಲ್ಕು ದಿನದಲ್ಲಿ ಯಾರಾದರೂ ಗಮನಿಸುತ್ತಾರೆ. ಪಾರ್ಟೆಡ್ ಹಾಗಲ್ಲ. ಒಂದು ಪೆಟ್ಟಿಗೆಯ ಬದುಕಿನಲ್ಲಿ ಅದು ಓಡೋದು ಒಂದೋ ಎರಡೋ ಸಲ. ಇನ್‌ಸ್ಟಾಲ್ ಮಾಡುವ ದಿನ, ಆಮೇಲೆ ಡಿಸ್ಕ್ ಬದಲಾಗುವ ದಿನ. ಎರಡು ದಿನವೂ ನಾವು ಗಡಿಬಿಡಿಯಲ್ಲಿರುತ್ತೇವೆ, ಎರಡು ದಿನವೂ ತಪ್ಪಿದರೆ ವಾಪಸ್ ಬರೋ ದಾರಿ ಇಲ್ಲ.

ಹಾಗಾದರೆ ಇಂಥದ್ದನ್ನು ಅಪ್‌ಡೇಟ್ ಯಾಕೆ ಮಾಡಬೇಕು, ಸರಿಯಾಗಿ ನಡೀತಾ ಇರೋದನ್ನ ಸುಮ್ನೆ ಬಿಡಬಾರದಾ ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಪಾರ್ಟೆಡ್‌ನ ಚರಿತ್ರೆಯಲ್ಲೇ ಇದೆ. 3.2 ಬಂದದ್ದು 2014ರಲ್ಲಿ. ಮುಂದಿನ 3.3 ಬಂದದ್ದು 2019ರಲ್ಲಿ. ಮಧ್ಯೆ ಐದು ವರ್ಷ ಹೊಸ ಬಿಡುಗಡೆ ಇಲ್ಲ. ಆ ಐದು ವರ್ಷದಲ್ಲಿ ಡಿಸ್ಕ್ ಬದಲಾದವು, ಕಂಪೈಲರ್ ಬದಲಾಯಿತು, ಕರ್ನಲ್ ಬದಲಾಯಿತು. ಡಿಸ್ಟ್ರಿಬ್ಯೂಷನ್‌ನವರು ತಂತಮ್ಮ ತೇಪೆಗಳನ್ನು ಹಚ್ಚಿಕೊಂಡೇ ದಿನ ದೂಡಿದರು. ಹೊಸ ಆವೃತ್ತಿ ಬಂದ ಮೇಲೆ ಯಾವ ತೇಪೆ ಕಿತ್ತು ಹಾಕಬೇಕು, ಯಾವುದು ಇನ್ನೂ ಬೇಕು ಅಂತ ಕೂತು ಬಿಡಿಸೋದು ದೊಡ್ಡ ಕೆಲಸ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಂದರೆ ಏನು ಬದಲಾಯಿತು ಅಂತ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 3.3 ಆದ ಮೇಲೆ ಹಾಗೇ ಆಗಿದೆ. 2021ರಲ್ಲಿ 3.4, 2022ರ ಏಪ್ರಿಲ್‌ನಲ್ಲಿ 3.5, 2023ರ ಏಪ್ರಿಲ್‌ನಲ್ಲಿ 3.6.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಿಂದೆ ಪಾರ್ಟೆಡ್ ತಾನೇ ಫೈಲ್ ಸಿಸ್ಟಮ್ ಕೂಡ ಹಿಗ್ಗಿಸುತ್ತಿತ್ತು, ಕುಗ್ಗಿಸುತ್ತಿತ್ತು. 2011ರಲ್ಲಿ 3.0 ಬಂದಾಗ ಅದನ್ನು ತೆಗೆದುಹಾಕಿದರು. ಪ್ರತಿ ಫೈಲ್ ಸಿಸ್ಟಮ್‌ಗೂ ಅದರದ್ದೇ ಆದ ಒಳ್ಳೆಯ ಉಪಕರಣ ಇದೆ, ಅದರ ಕೆಲಸ ಅದೇ ಮಾಡಲಿ ಅಂತ. ಆಗ ಬಹಳ ಜನ ಬೈದರು. ನಾನಂತೂ ಅವರು ಮಾಡಿದ್ದೇ ಸರಿ ಅನ್ನುತ್ತೇನೆ. ಪಾಲುಪಟ್ಟಿ ಬರೆಯುವವನು ಪಟ್ಟಿ ಬರೆಯಲಿ, ತೋಟ ಎಬ್ಬಿಸುವವನು ತೋಟ ಎಬ್ಬಿಸಲಿ.

ಕುಮಟಾದಿಂದ ಬಂದ ವಾರವೇ ಕೂತೆ. ಐಪಿಫೈರ್‌ನವರು ಇಂಥ ಅಪ್‌ಡೇಟ್‌ಗಳನ್ನು ತಾವೇ ಮಾಡಿ ಕೋರ್ ಅಪ್‌ಡೇಟ್ ಅಂತ ಕೊಡುತ್ತಲೇ ಇರುತ್ತಾರೆ, ಪಾಕ್‌ಫೈರ್ ಅನ್ನುವ ಅದರ ಅಪ್‌ಡೇಟ್ ಉಪಕರಣದ ಮೂಲಕ ಪೆಟ್ಟಿಗೆಗೆ ಬಂದು ಇಳಿಯುತ್ತದೆ. ಬಳಸುವವರು ಅಪ್‌ಡೇಟ್ ಮಾಡು ಅಂತ ಹೇಳಿದರೆ ಸಾಕು. ಆದರೆ ಒಳಗೆ ಏನು ನಡೆಯುತ್ತದೆ ಅಂತ ನನ್ನ ಕೈಯಾರೆ ಮಾಡಿ ನೋಡಬೇಕಿತ್ತು. ಹಾಗಾಗಿ ಪಾರ್ಟೆಡ್ 3.5 ಇದ್ದ ಐಪಿಫೈರ್ ಮೂಲ ಸಂಕೇತದ (ಸೋರ್ಸ್ ಕೋಡ್) ಒಂದು ಪ್ರತಿ ಇಳಿಸಿಕೊಂಡು, ಅದನ್ನು ನನ್ನ ಮನೆಯಲ್ಲೇ 3.6ಕ್ಕೆ ಏರಿಸಿದೆ.

ಬದಲಾಯಿಸಬೇಕಾದದ್ದು ನೋಡಿದರೆ ಇಷ್ಟೇನಾ ಅನಿಸುತ್ತದೆ. ಐಪಿಫೈರ್ ಪೂರ್ತಿ ಮೂಲದಿಂದ ಕಟ್ಟುವ ಡಿಸ್ಟ್ರಿಬ್ಯೂಷನ್. ಪ್ರತಿಯೊಂದು ತಂತ್ರಾಂಶಕ್ಕೂ ಎಲ್‌ಎಫ್‌ಎಸ್ ಅನ್ನುವ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲು. ಪಾರ್ಟೆಡ್‌ನದ್ದನ್ನು ತೆರೆದರೆ ಆವೃತ್ತಿಯ ಒಂದು ಸಾಲು, ಇಳಿಸುವ ಕಡತದ ಹೆಸರು, ಅದರ ಬ್ಲೇಕ್2 ಹ್ಯಾಶ್ (ಕಡತದ ಬೆರಳಚ್ಚಿನಂಥ ಅಂಕಿ), ಆಮೇಲೆ ಕಟ್ಟುವ ಆಜ್ಞೆಗಳು. ಆವೃತ್ತಿಯ ಸಾಲಿನಲ್ಲಿ 5 ಇದ್ದಲ್ಲಿ 6 ಅಂತ ಬರೆದೆ. ಹ್ಯಾಶ್ ಬದಲಾಯಿಸುವ ಮುಂಚೆ ಮಾತ್ರ ಒಂದು ಕೆಲಸ ಬಿಡಬಾರದು. ಪಾರ್ಟೆಡ್ ಸಿಗುವ ಗ್ನೂ ತಾಣದಲ್ಲಿ ಕಡತದ ಪಕ್ಕದಲ್ಲೇ ಸಹಿಯ ಫೈಲ್ ಇರುತ್ತದೆ, ಅದನ್ನು ಜಿಪಿಜಿ ಅನ್ನುವ ಉಪಕರಣದಲ್ಲಿ ತಾಳೆ ನೋಡಬೇಕು. ಹ್ಯಾಶ್ ಹೇಳೋದು "ನೀನು ಮೊದಲು ಇಳಿಸಿದ್ದೂ ಈಗಿನದ್ದೂ ಒಂದೇ" ಅಂತ ಮಾತ್ರ. ಮೊದಲು ಇಳಿಸಿದ್ದು ಅಸಲಿಯೋ ಅಲ್ಲವೋ ಅಂತ ಹೇಳೋದು ಸಹಿ. ಫೈರ್‌ವಾಲ್ ಒಳಗೆ ಹೋಗುವ ವಸ್ತುವಿನಲ್ಲಿ ಈ ಒಂದು ನಿಮಿಷ ಉಳಿಸಬೇಡಿ.

ಇನ್ನೊಂದು ಫೈಲ್ ರೂಟ್‌ಫೈಲ್ ಅನ್ನೋದು. ಕಟ್ಟಿದ ಮೇಲೆ ಯಾವ ಯಾವ ಕಡತ ಪೆಟ್ಟಿಗೆಗೆ ಹೋಗಬೇಕು, ಯಾವುದು ಬೇಡ ಅನ್ನುವ ಪಟ್ಟಿ. ಬೇಡದ ಸಾಲಿನ ಮುಂದೆ ಒಂದು # ಗುರುತು. ಮ್ಯಾನ್ ಪುಟ, ಹೆಡರ್ ಫೈಲ್, ಅನುವಾದಗಳು ಇವೆಲ್ಲ ಫೈರ್‌ವಾಲ್‌ಗೆ ಬೇಡ, ಹಾಗಾಗಿ ಅವಕ್ಕೆಲ್ಲ ಗುರುತು ಇದೆ. ಇಲ್ಲಿ ಬದಲಾದದ್ದು ಲಿಬ್‌ಪಾರ್ಟೆಡ್ ಲೈಬ್ರರಿಯ ಹೆಸರಿನ ಬಾಲದಲ್ಲಿದ್ದ ಒಂದು ಅಂಕಿ. ಮುಂದಿನ 2 ಹಾಗೇ ಇತ್ತು. ಆ 2 ಬದಲಾಗಿದ್ದರೆ ಅದನ್ನು ನೆಚ್ಚಿಕೊಂಡ ಬೇರೆಲ್ಲವನ್ನೂ ಹುಡುಕಿ ಮತ್ತೆ ಕಟ್ಟಬೇಕಾಗುತ್ತಿತ್ತು. ಐಪಿಫೈರ್‌ನ ಕಟ್ಟುವ ಸ್ಕ್ರಿಪ್ಟಿನಲ್ಲಿ ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಅಂತ ಹುಡುಕಿ ಕೊಡುವ ಆಜ್ಞೆಯೂ ಇದೆ, ಅನುಮಾನ ಇದ್ದಾಗ ಅದನ್ನು ಓಡಿಸಿ ನೋಡೋದು ಒಳ್ಳೇದು.

ಬದಲಾದದ್ದು ಒಟ್ಟು ಮೂರ್ನಾಲ್ಕು ಸಾಲು. ಕಟ್ಟೋಕೆ ಮಾತ್ರ ರಾತ್ರಿಯಿಡೀ ಬೇಕು, ಯಾಕೆಂದರೆ ಪಾರ್ಟೆಡ್ ಒಂದೇ ಅಲ್ಲ, ಕಂಪೈಲರ್‌ನಿಂದ ಹಿಡಿದು ಕರ್ನಲ್‌ವರೆಗೆ ಇಡೀ ವ್ಯವಸ್ಥೆ ಕಟ್ಟಿ ಐಎಸ್‌ಒ (ಇನ್‌ಸ್ಟಾಲ್ ಮಾಡೋಕೆ ಬಳಸುವ ಒಂದೇ ಕಡತ) ಮಾಡಬೇಕು. ಮಳೆಗಾಲದಲ್ಲಿ ಶಿರಸಿಯ ಹಳ್ಳಿ ಮನೆಯಲ್ಲಿ ರಾತ್ರಿಯಿಡೀ ಕರೆಂಟು ಇರೋದು ನಂಬಿಕೆಯ ಮಾತಲ್ಲ. ಮೊದಲ ರಾತ್ರಿ ಎರಡು ಗಂಟೆಗೆ ಹೋಯಿತು, ಇನ್ವರ್ಟರ್ ಬೆಳಗಿನ ತನಕ ತಡೆಯಲಿಲ್ಲ. ಒಳ್ಳೆಯ ಸಂಗತಿ ಏನಂದರೆ ಮುಗಿದ ಪ್ಯಾಕೇಜ್‌ಗಳನ್ನು ಅದು ಮತ್ತೆ ಕಟ್ಟೋದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಎರಡನೇ ರಾತ್ರಿ ಮುಗಿಯಿತು.

ಆಮೇಲೆ ಪರೀಕ್ಷೆ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ, ನನಗೆ ಅತಿ ಇಷ್ಟವಾದದ್ದೂ ಇದೇ.

ಪಾರ್ಟಿಶನ್ ಉಪಕರಣ ಪರೀಕ್ಷೆ ಮಾಡೋಕೆ ನಿಜವಾದ ಡಿಸ್ಕ್ ಬೇಕಾಗಿಲ್ಲ. ಒಂದು ಖಾಲಿ ಫೈಲ್ ಮಾಡಿ, ಅದನ್ನು ಲೂಪ್ ಡಿವೈಸ್ ಆಗಿ ಹಚ್ಚಿದರೆ ಪಾರ್ಟೆಡ್‌ಗೆ ಅದೇ ಡಿಸ್ಕ್. 2 ಜಿಬಿಯ ಎರಡು ಫೈಲ್ ಮಾಡಿದೆ. ಒಂದಕ್ಕೆ 3.5ರಲ್ಲಿ, ಇನ್ನೊಂದಕ್ಕೆ 3.6ರಲ್ಲಿ, ಅಕ್ಷರಕ್ಕೆ ಅಕ್ಷರ ಅದೇ ಆಜ್ಞೆಗಳು. ಜಿಪಿಟಿ ಹಾಕು, ನಾಲ್ಕು ಪಾರ್ಟಿಶನ್ ಮಾಡು. ಐಪಿಫೈರ್‌ನ ಇನ್‌ಸ್ಟಾಲರ್ ಪಾರ್ಟೆಡ್‌ಗೆ ಹೇಳುವಂತೆಯೇ ಸ್ಕ್ರಿಪ್ಟ್ ರೀತಿಯಲ್ಲಿ, ಆಪ್ಟಿಮಲ್ ಅಲೈನ್‌ಮೆಂಟ್ (ಗಡಿಗಳನ್ನು ಡಿಸ್ಕಿಗೆ ಹೊಂದುವ ಹಾಗೆ ಕೂರಿಸುವ ಆಯ್ಕೆ) ಕೊಟ್ಟು. ಮುಗಿದ ಮೇಲೆ ಎರಡು ಫೈಲಿನ ಮೊದಲ 34 ಸೆಕ್ಟರನ್ನು ಬೈಟ್ ಬೈಟ್ ಹೋಲಿಸಿದೆ.

ಸಾಲು ಸಾಲಾಗಿ ವ್ಯತ್ಯಾಸ ಬಂತು.

ಎದೆ ಧಸಕ್ಕೆಂದಿತು. ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ವ್ಯತ್ಯಾಸ ಇದ್ದ ಜಾಗಗಳನ್ನು ಒಂದೊಂದೇ ನೋಡಿದೆ. ಹೆಡರಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆ ಇರುವ 16 ಬೈಟ್. ಪ್ರತಿ ಪಾರ್ಟಿಶನ್ನಿನ ಗುರುತಿನ ಸಂಖ್ಯೆ ಇರುವ 16 ಬೈಟ್. ಮತ್ತೆ ಸಿಆರ್‌ಸಿಯ ಬೈಟ್‌ಗಳು. ಬೇರೆ ಎಲ್ಲೂ ಇಲ್ಲ. ಆ ಗುರುತಿನ ಸಂಖ್ಯೆಗಳನ್ನು ಪಾರ್ಟೆಡ್ ಪ್ರತಿ ಸಲವೂ ಹೊಸದಾಗಿ ಹುಟ್ಟಿಸುತ್ತದೆ, ಅವು ಯಾವತ್ತೂ ಒಂದೇ ಆಗೋದಿಲ್ಲ. ಅವು ಬದಲಾದರೆ ತಾಳೆಯ ಅಂಕಿಯೂ ಬದಲಾಗಲೇಬೇಕು. ಶುರುವಿನ ಸೆಕ್ಟರ್, ಕೊನೆಯ ಸೆಕ್ಟರ್, ಹೆಸರು, ಬಗೆ ಎಲ್ಲ ಒಂದೇ. ಮೊದಲ ಪಾರ್ಟಿಶನ್ ಎರಡರಲ್ಲೂ 2048ನೇ ಸೆಕ್ಟರಿನಿಂದ ಶುರು, ಅಂದರೆ ಸರಿಯಾಗಿ 1 ಎಂಬಿ ದಾಟಿ. ಎಸ್‌ಎಸ್‌ಡಿಗೆ ಇದು ಮುಖ್ಯ, ಗಡಿ ಅಡ್ಡಾದಿಡ್ಡಿ ಬಿದ್ದರೆ ಒಂದು ಸಲ ಬರೆಯೋದಕ್ಕೆ ಅದು ಎರಡು ಸಲ ದುಡಿಯಬೇಕಾಗುತ್ತದೆ. ಕೊನೆಗೆ ಎಸ್‌ಜಿಡಿಸ್ಕ್ ಅನ್ನುವ ಬೇರೆಯದೇ ಉಪಕರಣದಲ್ಲಿ ತಪಾಸಣೆ ಮಾಡಿಸಿದೆ. ಪಾರ್ಟೆಡ್ ಬರೆದದ್ದನ್ನು ಪಾರ್ಟೆಡ್ ಹತ್ತಿರವೇ ಸರಿ ಇದೆಯಾ ಅಂತ ಕೇಳಿದರೆ ಏನು ಬಂತು? ಅದು ಬೇರೆಯವರಿಗೂ ಓದೋಕೆ ಬರಬೇಕು.

ಕುಮಟಾದ ಸಂಗತಿಯನ್ನೂ ಹಾಗೇ ಮತ್ತೆ ಆಡಿಸಿದೆ. ಫೈಲನ್ನು 2 ಜಿಬಿಯಿಂದ 16 ಜಿಬಿಗೆ ಎಳೆದು, ಲೂಪ್ ಡಿವೈಸ್‌ಗೆ ಹೊಸ ಗಾತ್ರ ತಿಳಿಸಿ, ಪಟ್ಟಿ ತೋರಿಸು ಅಂದೆ. ಅದೇ ಪ್ರಶ್ನೆ ಬಂತು, ಈ ಸಲ ನನ್ನ ಮೇಜಿನ ಮೇಲೆ. ಇಲ್ಲಿ ಒಂದು ಮಾತು ಸ್ಕ್ರಿಪ್ಟ್ ಬರೆಯುವವರು ಗಮನಿಸಬೇಕು. ಸ್ಕ್ರಿಪ್ಟ್ ರೀತಿಯಲ್ಲಿ ಓಡಿಸಿದರೆ ಪಾರ್ಟೆಡ್ ಪ್ರಶ್ನೆ ಕೇಳೋದಿಲ್ಲ. ಎಚ್ಚರಿಕೆ ಒಂದು ಬರೆದು ಮುಂದಕ್ಕೆ ಹೋಗುತ್ತದೆ, ಬಾಲದ ಪ್ರತಿ ಅಲ್ಲೇ ಬಯಲಲ್ಲಿ ಉಳಿಯುತ್ತದೆ. ಸರಿಮಾಡಬೇಕು ಅಂದರೆ ಫಿಕ್ಸ್ ಅನ್ನುವ ಆಯ್ಕೆಯನ್ನೂ ಜೊತೆಗೆ ಕೊಡಬೇಕು. ರಾತ್ರಿ ಹೊತ್ತಲ್ಲಿ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ ಆ ಎಚ್ಚರಿಕೆಯನ್ನು ಓದುವವರು ಯಾರು?

3 ಟಿಬಿಯ ಫೈಲ್ ಕೂಡ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಇಲ್ಲ, ಆದರೆ ಏನೂ ಬರೆಯದ ಫೈಲ್ ಜಾಗ ತಿನ್ನೋದಿಲ್ಲ, ಗಾತ್ರ ಮಾತ್ರ ತೋರಿಸುತ್ತದೆ. ಅದಕ್ಕೆ ಬೇಕಂತಲೇ ಹಳೆಯ ಎಂಬಿಆರ್ ಪಟ್ಟಿ ಹಾಕಿ, ಡಿಸ್ಕ್ ಪೂರ್ತಿ ಒಂದೇ ಪಾರ್ಟಿಶನ್ ಮಾಡು ಅಂದೆ. ಆಗೋದಿಲ್ಲ ಅಂತು, 4294967295 ಸೆಕ್ಟರಿಗಿಂತ ಜಾಸ್ತಿ ಈ ಪಟ್ಟಿಯಲ್ಲಿ ಹಿಡಿಸೋದಿಲ್ಲ ಅಂತ ಅಂಕಿ ಸಮೇತ. ಬೇಡ ಅನ್ನಬೇಕಾದಲ್ಲಿ ಬೇಡ ಅನ್ನುತ್ತದಾ ಅಂತ ನೋಡೋದು, ಮಾಡಬೇಕಾದ್ದನ್ನು ಮಾಡುತ್ತದಾ ಅಂತ ನೋಡಿದಷ್ಟೇ ಮುಖ್ಯ. 4096 ಬೈಟಿನ ಸೆಕ್ಟರಿನ ಲೂಪ್ ಡಿವೈಸ್ ಮೇಲೂ ಓಡಿಸಿದೆ, ಅಲ್ಲಿ ಹೆಡರ್ ಕೂತುಕೊಳ್ಳುವ ಬೈಟೇ ಬೇರೆ. ಸರಿಯಾಗಿ ಕೂತಿತ್ತು.

ಪಾರ್ಟೆಡ್‌ನ ಮೂಲದ ಜೊತೆಗೇ ಅದರದ್ದೇ ಪರೀಕ್ಷೆಗಳ ಒಂದು ದೊಡ್ಡ ಗುಂಪು ಬರುತ್ತದೆ, ಅದನ್ನೂ ಓಡಿಸಿದೆ. ಇದರಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಸಾಮಾನ್ಯ ಬಳಕೆದಾರನಾಗಿ ಓಡಿಸಿದರೆ ರೂಟ್ (ಪೂರ್ತಿ ಯಜಮಾನನ) ಅಧಿಕಾರ ಬೇಕಾದ ಪರೀಕ್ಷೆಗಳು ಸ್ಕಿಪ್ ಆಗುತ್ತವೆ. ಕೊನೆಯಲ್ಲಿ ತಪ್ಪು ಸೊನ್ನೆ ಅಂತ ಕಾಣುತ್ತದೆ, ಖುಷಿಯಾಗುತ್ತದೆ. ಆದರೆ ಡಿವೈಸ್ ಮುಟ್ಟುವ ಪರೀಕ್ಷೆ ಓಡಿರೋದೇ ಇಲ್ಲ. ಒಂದು ವರ್ಚುವಲ್ ಮೆಷಿನ್ ಮಾಡಿ ಅದರೊಳಗೆ ರೂಟ್ ಆಗಿ ಓಡಿಸಿ, ನಿಮ್ಮ ನಿಜವಾದ ಲ್ಯಾಪ್‌ಟಾಪಿನ ಮೇಲೆ ಬೇಡ.

ಹೊಸದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎರಡು. ಪಟ್ಟಿಯನ್ನು ಸ್ಕ್ರಿಪ್ಟ್‌ಗಳು ಸುಲಭವಾಗಿ ಓದುವ ಜೇಸನ್ ರೂಪದಲ್ಲಿ ಕೊಡೋದು 3.5ರಲ್ಲೇ ಬಂದಿತ್ತು, 3.6ರಲ್ಲಿ ಅದಕ್ಕೆ ಡಿಸ್ಕ್ ಮತ್ತು ಪಾರ್ಟಿಶನ್‌ಗಳ ಗುರುತಿನ ಸಂಖ್ಯೆಗಳೂ ಸೇರಿವೆ. ಮುಂಚೆ ನಾನು ಪಾರ್ಟೆಡ್ ಬರೆದು ತೋರಿಸುವ ಪಟ್ಟಿಯನ್ನು ಸಾಲು ಕತ್ತರಿಸಿ, ಕಾಲಂ ಎಣಿಸಿ ಸ್ಕ್ರಿಪ್ಟಿಗೆ ಕೊಡುತ್ತಿದ್ದೆ. ಪಾರ್ಟಿಶನ್ ಹೆಸರಿನಲ್ಲಿ ಒಂದು ಸ್ಪೇಸ್ ಬಂದರೆ ಲೆಕ್ಕ ತಪ್ಪುತ್ತಿತ್ತು. ಎರಡನೆಯದು ಪಾರ್ಟಿಶನ್ನಿನ ಬಗೆಯನ್ನು ನೇರವಾಗಿ ಬದಲಾಯಿಸುವ ಟೈಪ್ ಅನ್ನುವ ಆಜ್ಞೆ. ಅದಕ್ಕಾಗಿ ಮುಂಚೆ ಬೇರೆ ಉಪಕರಣ ಹಿಡಿಯಬೇಕಿತ್ತು.

ಕಟ್ಟಿದ ಐಎಸ್‌ಒವನ್ನು ವರ್ಚುವಲ್ ಮೆಷಿನ್‌ನಲ್ಲಿ ಎರಡು ಸಲ ಇನ್‌ಸ್ಟಾಲ್ ಮಾಡಿದೆ, ಒಮ್ಮೆ ಹಳೆಯ ಬೂಟ್ ಪದ್ಧತಿಯಾದ ಬಯಾಸ್‌ನಲ್ಲಿ, ಒಮ್ಮೆ ಹೊಸದಾದ ಯುಇಎಫ್‌ಐನಲ್ಲಿ. ಎರಡೂ ಸಲ ಬೂಟ್ ಆಯ್ತು, 444ನೇ ಪೋರ್ಟಿನಲ್ಲಿ ವೆಬ್ ಪುಟ ತೆರೆಯಿತು. ಇದರ ಬಗ್ಗೆ ಹೇಳೋಕೆ ಹೆಚ್ಚಿಗೆ ಏನಿಲ್ಲ, ಸರಿಯಾಗಿ ನಡೆಯಿತು.

ಗೆಳೆಯನೊಬ್ಬ ಇನ್ನೊಂದು ಪ್ರಶ್ನೆ ಎತ್ತಿದ್ದ. ಫೈರ್‌ವಾಲ್‌ನಲ್ಲಿ ಕಡಿಮೆ ವಸ್ತು ಇದ್ದಷ್ಟು ಒಳ್ಳೇದು, ಇನ್‌ಸ್ಟಾಲ್ ಆದ ಮೇಲೆ ಪಾರ್ಟೆಡ್ ಅಲ್ಲಿ ಯಾಕೆ ಇರಬೇಕು ಅಂತ. ಮೊದಲ ಅರ್ಧ ನಾನೂ ಒಪ್ಪುತ್ತೇನೆ. ಆದರೆ ಪಾರ್ಟೆಡ್ ಯಾವ ಪೋರ್ಟನ್ನೂ ತೆರೆದು ಕೂರೋದಿಲ್ಲ, ಹೊರಗಿನಿಂದ ಯಾರೂ ಅದನ್ನು ಮುಟ್ಟೋಕೆ ಆಗೋದಿಲ್ಲ, ರೂಟ್ ಆದವನು ಕರೆದಾಗ ಮಾತ್ರ ಏಳುತ್ತದೆ. ಮಳೆಯಲ್ಲಿ, 60 ಕಿಲೋಮೀಟರ್ ಆಚೆ, ಇಂಟರ್‌ನೆಟ್ ಕೊಡುವ ಪೆಟ್ಟಿಗೆಯೇ ಕೆಟ್ಟಾಗ, ಆ ಪೆಟ್ಟಿಗೆಯೊಳಗೇ ಅದನ್ನು ರಿಪೇರಿ ಮಾಡುವ ಉಪಕರಣ ಇರಬೇಕು. ಅವತ್ತು ಇಲ್ಲದೇ ಇದ್ದಿದ್ದರೆ ಎಲ್ಲಿಂದ ಇಳಿಸಿಕೊಳ್ಳುತ್ತಿದ್ದೆ?

ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ಹೊಳವಾದಾಗ ಮತ್ತೆ ಕುಮಟಾಕ್ಕೆ ಹೋಗಿದ್ದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದೆ. ಡಿಸ್ಕಿನ ಪಟ್ಟಿಯನ್ನು ಸೆಕ್ಟರ್ ಲೆಕ್ಕದಲ್ಲಿ ತೆಗೆದು, ಭಾವನ ಬಿಲ್ಲಿನ ಪ್ರಿಂಟರಿನಲ್ಲೇ ಎರಡು ಪ್ರತಿ ಮುದ್ರಿಸಿದೆ. ಯಾವ ಪಾರ್ಟಿಶನ್ ಎಲ್ಲಿ ಶುರು, ಎಲ್ಲಿ ಕೊನೆ, ಯಾವ ಬಗೆ, ಯಾವ ತಾರೀಕು. ಒಂದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಟೇಪು ಹಚ್ಚಿ ಅಂಟಿಸಿದೆ. ಇನ್ನೊಂದನ್ನು ಭಾವ ಇಸಿದುಕೊಂಡು, ಎರಡು ಸಲ ಓದಿ, "ಇದು ಪಹಣಿ ಇದ್ದಂಗೇ ಇದ್ದಲಾ ಭಾವ" ಅಂದ. ಆಮೇಲೆ ಗೋದ್ರೇಜ್ ಕಪಾಟು ತೆಗೆದು, ಜಾಗದ ಕಾಗದ ಇಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲೇ ಅದನ್ನೂ ಸೇರಿಸಿ ಇಟ್ಟ.